ಪಕ್ಕದ ತಟ್ಟೆ

ಮನೆಯೊಳಗೆ ಕಾಲಿಟ್ಟ ಕೂಡಲೇ ಗಾಯ ತೊಳೆಯುವ ಔಷಧಿಯ ವಾಸನೆ ಮಗಳ ಮೂಗಿಗೆ ಬಡಿಯಿತು.

ಬೆಳಿಗ್ಗೆ ಪ್ರಯೋಗಾಲಯದಿಂದ ಅವಳೇ ಅಮ್ಮನಿಗೆ ಫೋನ್ ಮಾಡಿದ್ದಳು. ತಮ್ಮನ ಮಿದುಳಿನಲ್ಲಿರುವಂಥದೇ ಗಡ್ಡೆಯ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವುಗಳ ಮೇಲೆ ಇದೇ ಔಷಧಿ ಹಾಕಿದ್ದರು. "ಒಂದೂ ಉಳಿದಿಲ್ಲ ಕಣಮ್ಮ!" ಎಂದು ಕುಣಿದಿದ್ದಳು.

ಈಗ ಅಡುಗೆಮನೆಯ ಕಟ್ಟೆಯ ಮೇಲೆ ಆ ಔಷಧಿಯ ಬಾಟಲಿ ಬಾಯ್ತೆರೆದು ನಿಂತಿತ್ತು.

"ಅಮ್ಮಾ, ಅವನಿಗೆ ಇದನ್ನ ಕುಡಿಸಿದ್ಯಾ?"

"ಸಕ್ಕರೆ ನೀರಲ್ಲಿ, ಸ್ವಲ್ಪ. ಚಿಕ್ಕೋನಿದ್ದಾಗ ಅವನ ಮಂಡಿಗೆ ಎಷ್ಟು ಸಲ ಹಚ್ಚಿಲ್ಲ ನಾನು? ನಿಮ್ಮೋರು ಪರೀಕ್ಷೆ ಮುಗಿಸೋದು ಯಾವ ಕಾಲಕ್ಕೆ? ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋಕಾ?"

ಒಳಗೆ ತಮ್ಮ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು. ಮಗಳು ಆಂಬುಲೆನ್ಸ್ ಕರೆದು, ಅವನ ಕೋಣೆಗೆ ಓಡಿ ತಲೆ ಹಿಡಿದುಕೊಂಡಳು.

ಅಮ್ಮ ಬಾಗಿಲಲ್ಲೇ ನಿಂತಳು. ದನಿ ಸಣ್ಣದಾಗಿತ್ತು. "ಗಡ್ಡೆ ಸತ್ತೋಯ್ತು ಅಂತ ನೀನೇ ಹೇಳಿದ್ಯಲ್ಲೇ."

"ಪಕ್ಕದ ತಟ್ಟೇಲಿ ಆರೋಗ್ಯವಾಗಿರೋ ಜೀವಕೋಶಗಳನ್ನೂ ಇಟ್ಟಿದ್ವಿ ಅಮ್ಮ. ಅವುಗಳ ಮೇಲೂ ಇದನ್ನೇ ಹಾಕಿದ್ವಿ. ಖುಷೀಲಿ ನಿನಗೆ ಹೇಳಲೇ ಇಲ್ಲ."

"ಅವು ಏನಾದ್ವು?"

"ಒಂದೂ ಉಳಿದಿಲ್ಲ ಕಣಮ್ಮ."