ಹಿಂಜಗಲಿಯ ಪೆನ್ಸಿಲ್ ಸಿಪ್ಪೆ

ಮುನಿವೆಂಕಟಮ್ಮ ಶಾಲೆಯ ಹಿಂಜಗಲಿಯನ್ನು ಅರ್ಧ ಗುಡಿಸಿದ್ದಳು. ಪೆನ್ಸಿಲ್ ಸಿಪ್ಪೆ, ಕಡಲೆಕಾಯಿ ಸಿಪ್ಪೆ, ಲೆಕ್ಕ ಬಿಡಿಸಿ ಹರಿದ ಚೀಟಿಗಳು. ದಿನವೂ ಇದೇ ಕಸ. ಲಿಂಗರಾಜಪುರದ ಈ ಹೈಸ್ಕೂಲಿನಲ್ಲಿ ಅವಳು ಪೊರಕೆ ಹಿಡಿದು ಹನ್ನೆರಡು ವರ್ಷವಾಗಿತ್ತು.

ಶಾಲಾ ಸಮಿತಿಯ ಅಧ್ಯಕ್ಷರಾದ ದೊಡ್ಡಮುನಿಯಪ್ಪ ಅದನ್ನು ಕಂಡು ಮುಖ ಸಿಂಡರಿಸಿದರು. ಜಗಲಿಗೆ ಗೋಡೆ ಎಬ್ಬಿಸಿ, ಈಗಿರುವ ಓದುವ ಕೋಣೆಯಂಥದೇ ಇನ್ನೊಂದು ಮಾಡಿ, ಬೀಗ ಹಾಕಿಸಿದರೆ ಈ ಕಾಟ ತಪ್ಪುತ್ತದೆ ಎಂದರು. ಅಳತೆ ಟೇಪು ಹಿಡಿದು ಜೊತೆಗೆ ಬಂದಿದ್ದವಳು ಪ್ರತಿಭಾ; ಧಾರವಾಡದ ಹೆಣ್ಣುಮಗಳು, ಕಟ್ಟಡದ ನಕ್ಷೆ ಬರೆಯುವವಳು.

ಮುನಿವೆಂಕಟಮ್ಮನ ಪೊರಕೆ ನಿಂತಿತು. ಮೊಮ್ಮಗಳು ಪೂಜಿತಾ ಈ ವರ್ಷ ಹತ್ತನೇ ಕ್ಲಾಸು. ಮನೆಯೆಂದರೆ ಒಂದೇ ಕೋಣೆ, ಏಳು ಜನ. ಶಾಲೆ ಬಿಟ್ಟ ಮೇಲೆ ಅವಳು ಗೆಳತಿಯರ ಜೊತೆ ಓದುವುದು ಇದೇ ಜಗಲಿಯಲ್ಲಿ. ಗೋಡೆ ಎದ್ದರೆ ಹುಡುಗಿ ಎಲ್ಲಿ ಕೂರಬೇಕು? ಆದರೆ ಗುಡಿಸುವವಳ ಮಾತು ಯಾರು ಕೇಳುತ್ತಾರೆಂದು ಮತ್ತೆ ಗುಡಿಸತೊಡಗಿದಳು.

ಪ್ರತಿಭಾ ಕಸದ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅಮ್ಮಾ, ಓದೂ ಕೋಣ್ಯಾಗೂ ಇಷ್ಟ ಕಸ ಬೀಳತದೇನ್ರಿ?"

"ಅಲ್ಲೆಲ್ಲಿ ಕಸ ತಾಯಿ? ಬೆಂಚುಗಳ ಪ್ಲಾಸ್ಟಿಕ್ ಕವರೇ ಇನ್ನೂ ಬಿಚ್ಚಿಲ್ಲ."

ಪ್ರತಿಭಾ ಒಂದು ವಾರ ತಡೆಯಿರೆಂದು ಅಧ್ಯಕ್ಷರನ್ನು ಕೇಳಿಕೊಂಡಳು. ಅಲ್ಲಿಯವರೆಗೆ ಒಂದೊಂದು ಜಾಗದ ಕಸವನ್ನೂ ಬೇರೆ ಬೇರೆ ಪೇಂಟ್ ಡಬ್ಬಕ್ಕೆ ತುಂಬಿಡಬೇಕಂತೆ. ಕಸ ಎತ್ತಿಡು ಎಂದವರನ್ನು ಮುನಿವೆಂಕಟಮ್ಮ ಜನ್ಮದಲ್ಲೇ ಕಂಡಿರಲಿಲ್ಲ, ಒಳಗೊಳಗೇ ನಕ್ಕಳು. ಎರಡನೇ ದಿನದಿಂದ ಅವಳಿಗೂ ಕುತೂಹಲ ಹತ್ತಿತು. ಬುಧವಾರದ ಹೊತ್ತಿಗೇ ಜಗಲಿಯ ಡಬ್ಬ ತುಂಬಿತು. ಮೆಟ್ಟಿಲ ತಿರುವಿನಲ್ಲಿ ದಿನಕ್ಕಿಷ್ಟೇ ರಬ್ಬರ್ ಪುಡಿ. ಗದ್ದಲ ಆಗದ ಯಾರೋ ಅಲ್ಲಿ ಒಬ್ಬರೇ ಕೂರುತ್ತಿದ್ದರು. ಓದುವ ಕೋಣೆಯ ಡಬ್ಬದಲ್ಲಿ ಬರೀ ಧೂಳು.

ಶನಿವಾರ ಪ್ರತಿಭಾ ಡಬ್ಬಗಳನ್ನು ಅಧ್ಯಕ್ಷರ ಮುಂದಿಟ್ಟು, ಓದುವ ಕೋಣೆಗೆ ಯಾಕೆ ಹೋಗುವುದಿಲ್ಲವೆಂದು ಮಕ್ಕಳನ್ನೂ ಕರೆದು ಕೇಳಿದಳು. ಆ ಕೋಣೆಯಲ್ಲಿ ಬೆಂಚುಗಳ ಮುಖ ಗೋಡೆಗೆ, ಬಾಯಿ ತೆರೆಯುವ ಹಾಗಿಲ್ಲ ಎಂದಳು ಪೂಜಿತಾ. "ಒಬ್ಳು ಬಾಯಲ್ಲಿ ಹೇಳಿದ್ರೇನೇ ಇನ್ನಿಬ್ರಿಗೆ ಪಾಠ ತಲೆಗೆ ಹೋಗೋದು, ಸಾರ್." ಜಗಲಿಯಲ್ಲಿ ಗಾಳಿ ಬರುತ್ತದೆ, ಟೀಚರ್ ಕೋಣೆ ಎದುರಿಗೇ ಇರುವುದರಿಂದ ಭಯವಿಲ್ಲ ಎಂದೂ ಹೇಳಿದಳು.

"ಮಕ್ಳು ಕೇಳ್ದಂಗೆಲ್ಲಾ ಕಟ್ಟೋಕಾಗ್ತದಾ? ನಾವೆಲ್ಲಾ ಬೆಂಚಿಲ್ದೇ ಓದ್ಲಿಲ್ವಾ?" ಎಂದರು ದೊಡ್ಡಮುನಿಯಪ್ಪ.

ಅವರೊಂದಿಗೆ ಒಂದೇ ಬೀದಿಯಲ್ಲಿ ಬೆಳೆದ ಮುನಿವೆಂಕಟಮ್ಮನಿಗೆ ತಡೆಯಲಾಗಲಿಲ್ಲ. "ನೀನು ಬೆಂಚಿದ್ರೂ ಕೂರ್ಲಿಲ್ಲ ದೊಡ್ಡಣ್ಣ. ಹೊಂಗೆಮರದ ಕಟ್ಟೆ ಮೇಲೆ ಕೂತು ನಮ್ಮಣ್ಣನ ಹತ್ರ ಮಗ್ಗಿ ಹೇಳಿಸ್ಕೊಂತಿದ್ದೆ. ನಾನು ನೋಡಿಲ್ವಾ? ಈ ಜಗಲಿ ಮುಚ್ಬೇಡ. ನನ್ನ ಮೊಮ್ಮಗಳಿಗೆ ಓದೋಕಿರೋದು ಇದೊಂದೇ ಜಾಗ."

ಮಕ್ಕಳು ಕಿಸಕ್ಕನೆ ನಕ್ಕರು. ಅಧ್ಯಕ್ಷರೂ ತಲೆ ಕೆರೆದುಕೊಂಡು ನಕ್ಕರು. ಹಾಗಾದರೆ ಏನು ಮಾಡೋಣ ಎಂದು ಕೇಳಿದ್ದು ಆಮೇಲೆ. ಪ್ರತಿಭಾ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದಳು: ಜಗಲಿಗೆ ಕಲ್ಲಿನ ಆಸನ, ಕೂತವರಿಗೆ ಎಟುಕುವ ಕರಿಹಲಗೆ, ದೀಪ. ಒಬ್ಬರೇ ಓದುವವರಿಗೆ ಕೋಣೆಯ ಒಂದು ಮೂಲೆ. ಉಳಿದ ಬೆಂಚುಗಳು ಎದುರುಬದುರು, ಕವರು ಬಿಚ್ಚಿ.

ನಿಮ್ಮ ಬಡಾವಣೆಯ ಹೈಸ್ಕೂಲಿನಲ್ಲೂ ಕಟ್ಟುವ ಮಾತು ಬಂದೀತು. ಗಾರೆ ಕಲೆಸುವ ಮುಂಚೆ ಮಕ್ಕಳನ್ನು ನಾಲ್ಕು ದಿನ ನೋಡಿ. ಎಲ್ಲಿ ಕೂರುತ್ತಾರೆ, ಎಲ್ಲಿಗೆ ಕಾಲಿಡುವುದಿಲ್ಲ, ಯಾಕೆ ಎಂದು ಅವರನ್ನೇ ಕೇಳಿ. ಗುಡಿಸುವವರನ್ನೂ ಕೇಳಿ. ಕೇಳಿದ್ದನ್ನು ಸಮಿತಿಯ ಸಭೆಯಲ್ಲಿ ಹೇಳಿ, ಬರೆದು ಕೊಡಿ. ಲಿಂಗರಾಜಪುರದವರು ಹಾಗೇ ಮಾಡಿದರು. ಗೋಡೆಗೆ ಅನುಮತಿ ಕೇಳುವ ಪತ್ರ ಸಮಿತಿಯಲ್ಲಿ ಒಮ್ಮತವಿಲ್ಲದೆ ಜೂನ್ ತಿಂಗಳಿಂದ ಬೀರುವಿನಲ್ಲೇ ಕೂತಿತ್ತು. ಅದನ್ನು ಗೋಡೆಯ ಬದಲು ಆಸನ, ಕರಿಹಲಗೆ, ದೀಪ ಎಂದು ಹೊಸದಾಗಿ ಬರೆಸಿ, ಸಹಿ ಹಾಕಿ, ಸೋಮವಾರ ದೊಡ್ಡಮುನಿಯಪ್ಪನವರೇ ಶಿಕ್ಷಣ ಇಲಾಖೆಯ ಕಚೇರಿಗೆ ಮುಟ್ಟಿಸಿ ಬಂದರು.