ಅಣ್ಣನ ಮೋಟಾರು, ನನ್ನ ಉಡಿ

ನಮ್ಮಣ್ಣ ದಾಸಪ್ಪನಿಗೆ ಮೋಟಾರ್ ಸೈಕಲ್ಲು ಬಂದ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಯಾರೋ ಇಂಗ್ಲಿಷ್ ದೊರೆ ಓಡಿಸಿ ಓಡಿಸಿ ಸಾಕಾಗಿ ಬಿಟ್ಟುಹೋದ ಗಾಡಿ ಅದು. ಎತ್ತಿಗಾದರೂ ಮುಪ್ಪು ಬಂದರೆ ಮೂಲೆಯಲ್ಲಿ ಕಟ್ಟುತ್ತಾರೆ, ಅಣ್ಣ ಮಾತ್ರ ಅದಕ್ಕೆ ದಿನಾ ಎಣ್ಣೆ ಹಚ್ಚಿ ಒರೆಸುತ್ತಿದ್ದ. ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಆ ಗಾಡಿಯ ಮೇಲೆ ನನ್ನನ್ನು ನಾಗರ ಪಂಚಮಿಗೆ ಕರೆಯಲು ಬಿಳಿಚೋಡಿನಿಂದ ಹೊನ್ನಾಳಿಗೆ ಬಂದ.

ಅವ್ವನ ವರ್ಷದ ಕಾರ್ಯ ಮುಗಿದ ಮೇಲೆ ಅದೇ ಮೊದಲ ಪಂಚಮಿ. ಅವ್ವ ಇಲ್ಲದ ಆ ಮನೆ ನನಗೆ ಇನ್ನೂ ತವರು ಹೌದೋ ಅಲ್ಲವೋ ಅನ್ನುವುದು ಈ ಸಲ ಗೊತ್ತಾಗಬೇಕಿತ್ತು. ಹುಣ್ಣಿಮೆಯಿಂದಲೇ ನಾನು ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದೆ. ಗಾಡಿಯ ಸದ್ದು ಕೇಳಿದಾಗ, ಸತ್ಯವಾಗಿ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಅತ್ತೆ ಉಚ್ಚಂಗೆಮ್ಮ ಹಣೆಗೆ ಕುಂಕುಮ ಇಟ್ಟು ಒಂದು ಮಾತು ಹೇಳಿದರು: "ತವರಿಗೆ ಹೋದೋಳು ಬರಿ ಉಡೀಲಿ ತಿರುಗಿ ಬರಬ್ಯಾಡ. ಉಡಿ ತುಂಬಿಸ್ಕೊಂಡೇ ಬಾ."

ಅದನ್ನು ಹೇಳಬೇಕಾಗಿರಲಿಲ್ಲ. ಪ್ರತಿ ಸಲ ನಾನು ಗಂಡನ ಮನೆಗೆ ಹೊರಡುವ ದಿನ ಅವ್ವ ಹಜಾರದಲ್ಲಿ ಮಣೆ ಹಾಕಿ ಕೂರಿಸಿ, ನನ್ನ ಸೆರಗಿಗೆ ಬೊಗಸೆ ಬೊಗಸೆ ಅಕ್ಕಿ ಸುರಿದು, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಎಲೆ ಅಡಿಕೆ ಇಟ್ಟು ಗಂಟು ಹಾಕಿಯೇ ಕಳಿಸುತ್ತಿದ್ದಳು. ಈಗ ಆ ಕೆಲಸ ಅಣ್ಣನ ಹೆಂಡತಿ ದುರುಗಮ್ಮನದು.

ಊರು ದಾಟುವ ಮೊದಲೇ ಇಂಜಿನ್ನು ಪಿಸ್ ಪಿಸ್ ಅನ್ನತೊಡಗಿತು. ಅಣ್ಣ ಇಳಿದು ಬಗ್ಗಿ ನೋಡಿ, "ಹೆಡ್ ಪ್ಯಾಕಿಂಗು ಹೋಗೈತೆ ಸಾವಂತ್ರಿ. ಗಾಳಿ ಸೋರತೈತೆ. ಹೊಸದು ಹಾಕದೆ ಅಷ್ಟು ದೂರ ಹೋಗಾಕೆ ಆಗಂಗಿಲ್ಲ" ಅಂದ.

ಸರಿ, ಹಾಕಿಸು ಅಂದೆ. ಅವನು ಗಾಡಿಯನ್ನು ನ್ಯಾಮತಿಯ ಕಡೆ ತಿರುಗಿಸಿದ. ಬಿಳಿಚೋಡು ಒಂದು ದಿಕ್ಕು, ನ್ಯಾಮತಿ ಇನ್ನೊಂದು ದಿಕ್ಕು. ಅಲ್ಲಿದ್ದದ್ದು ಒಂದು ಸೈಕಲ್ ಅಂಗಡಿ. ಮೋಟಾರಿನ ಪ್ಯಾಕಿಂಗು ಕೇಳಿದ್ದಕ್ಕೆ ಆತ ನಮ್ಮಿಬ್ಬರ ಮುಖ ನೋಡಿ ನಕ್ಕ. ಅಲ್ಲಿಂದ ಕೆಮ್ಮುತ್ತ ಕುಂಟುತ್ತ ಚನ್ನಗಿರಿಗೆ ಬಂದೆವು. ದಾರಿಯುದ್ದಕ್ಕೂ ಜನ ನಿಂತು ನೋಡುತ್ತಿದ್ದರು, ನನ್ನ ಸೀರೆಯ ಅಂಚಿಗೆ ಎಣ್ಣೆ ಸಿಡಿಯುತ್ತಿತ್ತು.

ಚನ್ನಗಿರಿಯಲ್ಲಿ ಮುರುಗೇಶಪ್ಪ ಎನ್ನುವವರದು ಮೋಟಾರು ಸಾಮಾನಿನ ಅಂಗಡಿ. ಹಿಂದೆಯೇ ಮನೆ. ಅವರ ಹೆಂಡತಿ ಸಿದ್ದಲಿಂಗಮ್ಮ ನನ್ನನ್ನು ಕಂಡ ಕೂಡಲೇ ಜಗಲಿಯ ಮೇಲೆ ಚಾಪೆ ಹಾಕಿ ಮಜ್ಜಿಗೆ ಕೊಟ್ಟರು. ಮುರುಗೇಶಪ್ಪ ಇಂಜಿನ್ನಿನ ತಲೆ ಬಿಚ್ಚಿ, ಹಳೆ ಪ್ಯಾಕಿಂಗು ತೆಗೆದು ತೋರಿಸಿದರು. ತೆಳು ತಾಮ್ರದ ಬಿಲ್ಲೆ, ನಡುವೆ ದೊಡ್ಡ ತೂತು, ಒಂದು ಕಡೆ ಸುಟ್ಟು ಕರಕಾಗಿತ್ತು. ಇಷ್ಟೇ ಇಷ್ಟು ಬಿಲ್ಲೆಗೆ ನನ್ನ ಪಂಚಮಿ ಸಿಕ್ಕಿಕೊಂಡಿತ್ತು.

ಅವರು ಮೊದಲು ಬರೀ ತಾಮ್ರದ ಹಾಳೆಯದೊಂದನ್ನು ಮುಂದಿಟ್ಟರು. ಅಣ್ಣ ಅದನ್ನು ಬೆಳಕಿಗೆ ಹಿಡಿದು, "ತೆಳ್ಳಗಾತು" ಅಂದ. ಎರಡು ತಾಮ್ರದ ನಡುವೆ ಬೆಂಕಿಗೆ ಸುಡದ ಕಲ್ನಾರು ಇಟ್ಟದ್ದನ್ನು ಕೊಟ್ಟರು. "ದಪ್ಪ ಆತು" ಅಂದ. ಮೂರನೆಯದನ್ನು ಹಳೆಯದರ ಮೇಲೆ ಇಟ್ಟರೆ ತೂತಿಗೆ ತೂತು ಕೂತಿತು, ನನಗೂ ಕಾಣಿಸಿತು. ಅಣ್ಣ ತಲೆ ಕೆರೆದುಕೊಂಡ.

"ಕೂದಲೆಳೆ ವ್ಯತ್ಯಾಸ ಐತೇನೋ."

"ಇದಕ್ಕಿಂತ ಸರಿಯಾದ್ದು ನಿಮಗೆ ಬೆಂಗಳೂರಾಗೂ ಸಿಗಂಗಿಲ್ಲ ರೀ" ಅಂದರು ಮುರುಗೇಶಪ್ಪ.

"ನಾಳೆ ಶಿವಮೊಗ್ಗದಾಗೆ ಒಂದ್ಸಲ ನೋಡಾನ ಅಂತ."

ನಾಡಿದ್ದು ಪಂಚಮಿ. ನನ್ನ ಮೈಯೆಲ್ಲ ಉರಿಯಿತು. ಹೆಣ್ಣು ನೋಡಲು ಹೋದಾಗಲೂ ಈ ಪುಣ್ಯಾತ್ಮ ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಸೀರೆಯ ಎಣ್ಣೆಯನ್ನಾದರೂ ಒರೆಸಿಕೊಳ್ಳೋಣ ಎಂದು ಗಾಡಿಗೆ ನೇತುಹಾಕಿದ್ದ ಚರ್ಮದ ಚೀಲದಲ್ಲಿ ಬಟ್ಟೆಯ ಚೂರು ಹುಡುಕಿದೆ. ಬಟ್ಟೆಯ ಕೆಳಗೆ ಕಾಗದದಲ್ಲಿ ಸುತ್ತಿದ್ದು ಏನೋ ಕೈಗೆ ಸಿಕ್ಕಿತು. ಬಿಚ್ಚಿದೆ.

ಹೊಸ ತಾಮ್ರದ ಬಿಲ್ಲೆ. ಫಳಫಳ ಹೊಳೆಯುತ್ತಿತ್ತು. ಅಂಗಡಿಯ ಹಲಗೆಯ ಮೇಲಿದ್ದ ಹಳೆಯದರ ಮೇಲೆ ಇಟ್ಟು ನೋಡಿದೆ. ತೂತಿಗೆ ತೂತು ಕೂತಿತು.

ಮುರುಗೇಶಪ್ಪ ಒಳಗೆ ಹೋದರು. ಅಣ್ಣ ನೆಲ ನೋಡುತ್ತ ನಿಂತ.

"ಹೊತ್ತುಕೊಂಡೇ ತಿರುಗ್ತಿದ್ದೀಯಲ್ಲೋ ಅಣ್ಣ, ಯಾಕೆ?"

"ದುರುಗಿ ಈ ಸಲ ಬ್ಯಾಡ ಅಂದ್ಲು. ಅವ್ವ ಹೋದ ಮ್ಯಾಲೆ ಇನ್ನೇನು ಕರೆಯೋದು ಅಂದ್ಲು."

"ನೀನೇನಂದೆ?"

ಅವನು ಹಲಗೆಯ ಮೇಲಿನ ಹೊಸ ಬಿಲ್ಲೆ ಕೈಗೆತ್ತಿಕೊಂಡ. ಆಮೇಲೆ, "ಕರೆಯಾಕೆ ಬರದಿದ್ರೆ ನಿಮ್ಮತ್ತೆ ಮನೇರು ಏನಂದಾರು ಅಂತ ಬಂದೆ" ಅಂದ.

ಹಾಗಾದರೆ ಅವನು ಬಂದದ್ದು ನನಗಾಗಿ ಅಲ್ಲ. ಪಂಚಮಿ ದಾಟುವವರೆಗೆ ಅಂಗಡಿ ಅಂಗಡಿ ಸುತ್ತಿಸಿ, ಗಾಡಿ ಕೈಕೊಟ್ಟಿತು ಎಂದು ನನ್ನನ್ನು ವಾಪಸು ಬಿಡುವ ಲೆಕ್ಕ. ಗಾಡಿಗೆ ಪಾಪ ಬಾಯಿಲ್ಲ, ಏನು ಹೊರಿಸಿದರೂ ಹೊರುತ್ತದೆ. ಅಳು ಬಂತು. ಆದರೆ ಅವನ ಮುಂದೆ ಅಳಬಾರದು ಅನ್ನಿಸಿತು.

ನಾನು ಜಗಲಿಗೆ ಹೋಗಿ ಸಿದ್ದಲಿಂಗಮ್ಮನ ಮುಂದೆ ಕೂತು ಸೆರಗು ಒಡ್ಡಿದೆ.

"ಅಕ್ಕಾ, ನನಗೆ ಉಡಿ ತುಂಬ್ರಿ."

ಅವರು ನನ್ನ ಮುಖ ನೋಡಿದರು, ಅಣ್ಣನ ಮುಖ ನೋಡಿದರು. ಹೆಣ್ಣುಮಗಳು ಉಡಿ ಕೇಳಿದರೆ ಇಲ್ಲ ಅನ್ನುವವರು ನಮ್ಮ ಕಡೆ ಯಾರೂ ಇಲ್ಲ. ಒಳಗಿಂದ ಮೊರದಲ್ಲಿ ಅಕ್ಕಿ ತಂದರು. ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಎಲೆ ಅಡಿಕೆ ತಂದರು. ನನ್ನನ್ನು ಮೂಡಲಕ್ಕೆ ತಿರುಗಿಸಿ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, ಬೊಗಸೆ ತುಂಬಿ ಸುರಿದರು. ಅಕ್ಕಿ ಸೆರಗಿಗೆ ಬೀಳುವ ಸದ್ದು ಅವ್ವ ಸುರಿದಾಗಿನ ಸದ್ದೇ. ಆಗ ಅಳು ತಡೆಯಲಾಗಲಿಲ್ಲ.

ನಾನು ಇನ್ನು ತವರಿಗೆ ಬರುವುದಿಲ್ಲ ಎಂದು ಅಣ್ಣನಿಗೆ ಆಗ ಅರ್ಥವಾಯಿತು. ಆ ಬಿಲ್ಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಜಗಲಿಯ ಹತ್ತಿರ ಓಡಿಬಂದ.

"ಸಾವಂತ್ರಿ, ಏಳವ್ವ. ಈಗಿಂದೀಗ್ಲೇ ಹಾಕಿಸ್ತೀನಿ. ಬಿಳಿಚೋಡಿಗೆ ಹೋಗಾನ. ದುರುಗಿ ಏನಾರ ಅನ್ಲಿ."

ಬೆಳಗಿನಿಂದ ನಾನು ಕಾದದ್ದು ಅದೇ ಮಾತಿಗೆ. ಮೊದಲ ಬೊಗಸೆ ಅಕ್ಕಿ ಬೀಳುವ ಮುಂಚೆ ಅಂದಿದ್ದರೆ ಅವನ ಹಿಂದೆ ಹತ್ತಿ ಕೂರುತ್ತಿದ್ದೆ.

"ಉಡಿ ತುಂಬಿದ ಮ್ಯಾಲೆ ಹೆಣ್ಣುಮಗಳು ಯಾವ ಮನೆಗೆ ಹೊರಡ್ತಾಳೆ ಅಂತ ನಿನಗೆ ಗೊತ್ತಿಲ್ಲೇನಣ್ಣ?" ಅಂದೆ. ಸೆರಗು ಗಂಟು ಹಾಕಿಕೊಂಡು, ಸಿದ್ದಲಿಂಗಮ್ಮನ ಕಾಲಿಗೆ ನಮಸ್ಕಾರ ಮಾಡಿ, ಹೊನ್ನಾಳಿ ಬಸ್ಸು ನಿಲ್ಲುವ ಕಡೆ ನಡೆದೆ. ಅವನು ಹಿಂದೆ ಹಿಂದೆ ಬಂದ. ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿದ್ದ, ಬಿಲ್ಲೆ ಇನ್ನೂ ಕೈಯಲ್ಲೇ ಇತ್ತು.

ಮನೆಗೆ ಬಂದಾಗ ಅತ್ತೆ ದೀಪ ಹಚ್ಚುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು, ಆಮೇಲೆ ಅವರ ಕಣ್ಣು ನನ್ನ ಉಡಿಯ ಮೇಲೆ ಬಿತ್ತು.

"ಇಷ್ಟು ಬೇಗ ಉಡಿ ಯಾರು ತುಂಬಿದ್ರು?"

"ತವರಿನೋರು" ಅಂದೆ.

ಅದು ಸುಳ್ಳು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.