ಬಕೆಟ್ಟಿಗೆ ಬಾರದ ಎಣ್ಣೆ

ಮೂರನೆಯ ಸಲ ಇಂಜಿನ್ ನಿಲ್ಲಿಸಿ ಎಲ್ಡನ್ ಮೊಣಕಾಲೂರಿ ಬಂಪರಿನ ಕೆಳಗೆ ಇಣುಕಿದ. ಐಸ್‌ಕ್ರೀಮಿನ ಹಳೇ ಬಕೆಟ್ಟಿನ ತಳದಲ್ಲಿ, ಕೊಳವೆ ಬಿಚ್ಚುವಾಗ ಜಿನುಗಿದ್ದ ನಾಲ್ಕು ಹನಿ ಬಿಟ್ಟರೆ ಏನೂ ಇರಲಿಲ್ಲ.

ಕೆಲಸ ದೊಡ್ಡದೇನಲ್ಲ. ಗೇರ್‌ಬಾಕ್ಸಿನಿಂದ ರೇಡಿಯೇಟರಿಗೆ ಎರಡು ಕೊಳವೆ; ಒಂದರಲ್ಲಿ ಬಿಸಿ ಎಣ್ಣೆ ಹೋಗುತ್ತದೆ, ಇನ್ನೊಂದರಲ್ಲಿ ತಣಿದು ಹಿಂದಿರುಗುತ್ತದೆ. ಹಿಂದಿರುಗುವ ದಾರಿಯಲ್ಲಿ ಹೊಸ ಕೂಲರ್ ಕೂರಿಸಿದರೆ ಎಣ್ಣೆ ಇನ್ನಷ್ಟು ತಣ್ಣಗಾಗುತ್ತದೆ. ಯಾವ ಕೊಳವೆ ಯಾವುದೆಂದು ತಿಳಿಯಲು ಬಿಚ್ಚಿ, ಬಕೆಟ್ ಇಟ್ಟು, ಹತ್ತು ಎಣಿಸುವಷ್ಟು ಹೊತ್ತು ಇಂಜಿನ್ ಓಡಿಸಿದರೆ ಸಾಕು. ಎಲ್ಡನ್ ಎರಡೂ ಕಡೆ ನೋಡಿದ್ದ. ಎಣ್ಣೆ ಬರಲಿಲ್ಲವೆಂದರೆ ಒಳಗಿನ ಪಂಪು ಸತ್ತಿದೆ. ಮೂವತ್ತು ವರ್ಷದ ಪಿಕಪ್ಪಿಗೆ ಹೊಸ ಗೇರ್‌ಬಾಕ್ಸ್ ಹಾಕಿಸುವುದೆಂದರೆ ಮುದಿ ಕುದುರೆಗೆ ಬೆಳ್ಳಿ ಲಾಳ ಹೊಡೆಸಿದ ಹಾಗೆ.

ಗಾಡಿ ಪಕ್ಕದ ಮನೆಯ ಮರ್ವಿನ್‌ನದು. ಇಬ್ಬರ ನಡುವೆ ಒಂದು ಬೇಲಿ, ನಲವತ್ತು ವರ್ಷದ ಜಗಳ. ಎಲ್ಡನ್‌ನ ಅಪ್ಪ ಓಡಿಸಿದ್ದು ಒಂದು ಕಂಪನಿಯ ಗಾಡಿ, ಎಲ್ಡನ್ನೂ ಅದನ್ನೇ. ಮರ್ವಿನ್‌ನ ವಂಶ ಇನ್ನೊಂದರದು. ಅಮೆರಿಕದ ಐಡಹೊದ ಈ ಕಣಿವೆಯಲ್ಲಿ ಚರ್ಚು ಬದಲಿಸಿದವರಿದ್ದಾರೆ, ಪಿಕಪ್ಪಿನ ಕಂಪನಿ ಬದಲಿಸಿದವರಿಲ್ಲ. ಮರ್ವಿನ್‌ನ ಗಾಡಿ ಕೆಟ್ಟು ನಿಂತಾಗಲೆಲ್ಲ ಎಲ್ಡನ್ ಬೇಲಿಯ ಮೇಲೆ ಹೂಗುಚ್ಛ ಇಡುತ್ತಿದ್ದ, ಸತ್ತವರ ಮನೆಗೆ ಇಟ್ಟ ಹಾಗೆ.

ಈ ವಸಂತದಲ್ಲಿ ಸೊಂಟದ ಕೀಲು ಬದಲಿಸಿಕೊಂಡ ಮರ್ವಿನ್‌ಗೆ ಗಾಡಿಯ ಕೆಳಗೆ ಮಲಗಲು ಆಗುತ್ತಿರಲಿಲ್ಲ. ಅದಕ್ಕೇ ಹಲ್ಲು ಕಚ್ಚಿಕೊಂಡು ಎಲ್ಡನ್‌ನನ್ನು ಕರೆದಿದ್ದ. ಹೋದ ವರ್ಷ ಕ್ಯಾಂಪರ್, ಅಂದರೆ ಗಾಡಿಯ ಹಿಂದೆ ಕಟ್ಟುವ ಚಕ್ರದ ಮನೆ, ಎಳೆದುಕೊಂಡು ಕೋಲ್ಡ್ ಕೆಟಲ್ ಘಟ್ಟ ಹತ್ತುವಾಗ ಗೇರಿನ ಎಣ್ಣೆ ಕುದಿದು, ಗಂಡಹೆಂಡತಿ ಅರ್ಧ ದಾರಿಯಿಂದ ವಾಪಸು ಬಂದಿದ್ದರು. ಘಟ್ಟದಾಚೆ ಅವನ ಹೆಂಡತಿ ಫರ್ನ್‌ಳ ಅಕ್ಕ ನೋಲಾ ಇದ್ದಾಳೆ. ಎಂಬತ್ತೆಂಟು ವರ್ಷ, ಒಂದೇ ಕೋಣೆಯ ಮನೆ. ಪ್ರತಿ ವರ್ಷ ಅವಳ ಅಂಗಳದಲ್ಲಿ ಕ್ಯಾಂಪರ್ ನಿಲ್ಲಿಸಿ, ತಿಂಗಳಿಡೀ ಅಕ್ಕತಂಗಿಯರು ಪೀಚ್ ಹಣ್ಣು ಬೇಯಿಸಿ ಬಾಟಲಿಗೆ ತುಂಬುತ್ತಿದ್ದರು. "ಈ ಸಲವೂ ಹತ್ತದಿದ್ದರೆ ಕ್ಯಾಂಪರ್ ಮಾರಿಬಿಡೋಣ," ಎಂದಿದ್ದಳು ಫರ್ನ್. ಕ್ಯಾಂಪರ್ ಕೊಳ್ಳಲೆಂದು ನೋಡಲು ಶನಿವಾರ ಒಬ್ಬರು ಬರುವವರಿದ್ದರು.

ಎಲ್ಡನ್ ಕೈ ಒರೆಸಿಕೊಂಡ. ನಲವತ್ತು ವರ್ಷ ಕಾದಿದ್ದ ಗೆಲುವು ಬಾಗಿಲಿಗೆ ಬಂದಿತ್ತು. ಆದರೆ ಈ ಸಲ ಅವನು ಹೂ ಕೀಳಲು ಹೋಗಲಿಲ್ಲ.

ಸೊಂಟಕ್ಕೆ ವ್ಯಾಯಾಮ ಮಾಡಿಸುವ ಆಸ್ಪತ್ರೆಯಿಂದ ಗಂಡನನ್ನು ಕೂರಿಸಿಕೊಂಡು ಫರ್ನ್‌ಳ ಕಾರು ಬಂತು. ಮರ್ವಿನ್ ಊರುಗೋಲು ಮೊದಲು ಇಳಿಸಿ, ಆಮೇಲೆ ತಾನಿಳಿದ.

"ಏನಯ್ಯಾ, ಒಳ್ಳೇ ಗಾಡಿ ಮುಟ್ಟಿದ್ದಕ್ಕೆ ಕೈ ಶುದ್ಧ ಆಯ್ತಾ?"

ಎಲ್ಡನ್ ನಗಲಿಲ್ಲ. ಜೇಬಿನಿಂದ ತನ್ನ ಪಿಕಪ್ಪಿನ ಕೀಲಿ ತೆಗೆದು ಚಾಚಿದ.

"ನೋಲಾ ಮನೆಗೆ ನನ್ನ ಗಾಡೀಲಿ ಹೋಗಿಬನ್ನಿ. ನನಗೇನೂ ಈ ತಿಂಗಳು ಕೆಲಸ ಇಲ್ಲ ಅದರಲ್ಲಿ."

ಫರ್ನ್ ಕಾರಿನ ಬಾಗಿಲು ಹಾಕುವುದನ್ನು ಮರೆತು ನಿಂತಳು. ಆ ಗಾಡಿಯನ್ನು ಎಲ್ಡನ್ ಸ್ವಂತ ಅಳಿಯನಿಗೂ ಕೊಟ್ಟವನಲ್ಲ.

ಮರ್ವಿನ್ ಕೀಲಿ ಮುಟ್ಟಲಿಲ್ಲ. "ಸತ್ತಿದೆ ಅನ್ನು."

"ನಾನೆಲ್ಲಿ ಹಾಗಂದೆ?"

"ನೀನು ಬೈದಿದ್ರೆ ಬದುಕಿದೆ ಅಂದ್ಕೋತಿದ್ದೆ. ಕೀಲಿ ಕೊಡ್ತಿದೀಯ. ಏನಾಯ್ತು, ಬೊಗಳು."

"ಎಣ್ಣೆ ಬರ್ತಿಲ್ಲ ಮಾರಾಯ. ಎರಡೂ ಕೊಳವೆ ನೋಡ್ದೆ, ಮೂರು ಸಲ ಓಡಿಸ್ದೆ. ಪಂಪು ಹೋಗಿದೆ." ಆಮೇಲೆ ನೆಲ ನೋಡಿಕೊಂಡು ಹೇಳಿದ, "ಮೂವತ್ತು ವರ್ಷ ದುಡೀತಲ್ಲ. ಕೆಟ್ಟ ಗಾಡಿಯೇನಲ್ಲ ಇದು."

ಮರ್ವಿನ್ ಗಾಡಿಯ ಮೂತಿಯ ಮೇಲೆ ಕೈಯಿಟ್ಟ. ಆಮೇಲೆ ಏನೋ ಹೊಳೆದವನಂತೆ ತಲೆಯೆತ್ತಿದ.

"ಇಂಜಿನ್ ಓಡಿಸುವಾಗ ಗೇರಿನ ಲಿವರ್ ಎಲ್ಲಿಟ್ಟಿದ್ದೆ?"

"ಪಾರ್ಕ್‌ನಲ್ಲಿ. ಚಕ್ರ ಕಚ್ಚಿಕೊಂಡು ನಿಲ್ಲಲಿ ಅಂತ. ಮತ್ತೆಲ್ಲಿಡ್ತಾರೆ? ನನ್ನ ಕಾಲ ಮೇಲೆ ಹತ್ತಿಸ್ಕೊಳ್ಳಲಾ?"

ಮರ್ವಿನ್ ನಗಲು ಶುರುಮಾಡಿದ. ಸೊಂಟ ಹಿಡಿದುಕೊಂಡು, ಅಯ್ಯೋ ಅಮ್ಮಾ ಅನ್ನುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಫರ್ನ್, ಕೇಳಿದ್ಯಾ? ಈ ಪಂಡಿತ ಪಾರ್ಕ್‌ನಲ್ಲಿಟ್ಟು ನೋಡಿದನಂತೆ!"

"ಅಯ್ಯೋ ಎಲ್ಡನ್," ಎಂದಳು ಫರ್ನ್. "ನಮ್ಮ ಗಾಡಿ ಪಾರ್ಕ್‌ನಲ್ಲಿ ಎಣ್ಣೆ ಹೊರಗೆ ಕಳಿಸಲ್ಲ. ನ್ಯೂಟ್ರಲ್‌ಗೆ ಹಾಕ್ಬೇಕು. ಇವರು ಎಣ್ಣೆ ನೋಡುವಾಗ ಪ್ರತಿ ಸಲ ಬ್ರೇಕ್ ಒತ್ಕೊಂಡು ಕೂರೋಳು ನಾನೇ ಅಲ್ವಾ."

"ಎಂಥಾ ಗಾಡಿನಯ್ಯಾ ಇದು!" ಎಲ್ಡನ್‌ಗೆ ದನಿ ವಾಪಸು ಬಂತು. "ನಿಂತಾಗ ಕೆಲಸ ಮಾಡದ್ದು! ಮಾಡಿದವನಿಗೆ ಬುದ್ಧಿ ಇತ್ತಾ?"

"ನಿಂತಾಗ ಸುಮ್ಮನಿರೋದನ್ನ ಬುದ್ಧಿ ಅಂತಾರೆ. ನಿನಗೆ ಗೊತ್ತಾಗಲ್ಲ."

ಚಕ್ರಗಳಿಗೆ ಸೌದೆ ತುಂಡು ಒತ್ತಿಟ್ಟರು. ಫರ್ನ್ ಕೈಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಒಳಗೆ ಕೂತು ಇಂಜಿನ್ ಶುರುಮಾಡಿ, ಬ್ರೇಕ್ ಒತ್ತಿ, ಲಿವರನ್ನು ನ್ಯೂಟ್ರಲ್‌ಗೆ ಎಳೆದಳು. ಕೊಳವೆ ಒಮ್ಮೆ ಕೆಮ್ಮಿತು. ಆಮೇಲೆ ಚೆರ್ರಿ ಹಣ್ಣಿನ ಬಣ್ಣದ ಎಣ್ಣೆ ಬಕೆಟ್ಟಿಗೆ ಧಾರೆಯಾಗಿ ಬಿತ್ತು.

"ಸಾಕು, ನಿಲ್ಸು ನಿಲ್ಸು!" ಇಬ್ಬರು ಮುದುಕರೂ ಒಟ್ಟಿಗೆ ಕೂಗಿದರು.

ಸಂಜೆಯೊಳಗೆ ಕೂಲರ್ ರೇಡಿಯೇಟರಿನ ಮುಂದೆ ಕೂತಿತು. ಕಡಿಮೆಯಾದಷ್ಟು ಎಣ್ಣೆ ತುಂಬಿ, ಎಲ್ಲಾದರೂ ಸೋರುತ್ತದೆಯೇ ನೋಡಲು ಎಲ್ಡನ್ ಗಾಡಿಯ ಕೆಳಗೆ ರಟ್ಟು ಹಾಸಿಹೋದ. ಮರುದಿನವೂ, ಅದರ ಮರುದಿನವೂ ಕಾಫಿ ಲೋಟ ಹಿಡಿದು ಬಂದು ಬಗ್ಗಿ ನೋಡಿದ. ಶನಿವಾರ ಬರಬೇಕಿದ್ದವರಿಗೆ ಫರ್ನ್ ಫೋನ್ ಮಾಡಿ, ಘಟ್ಟ ಹತ್ತಿದ ಮೇಲೆ ಹೇಳುತ್ತೇನೆ ಎಂದಳು.

ಸೋಮವಾರ ಬೆಳಿಗ್ಗೆ ಕ್ಯಾಂಪರ್ ತಿರುವಿನಲ್ಲಿ ಮರೆಯಾದ ಮೇಲೆ ಎಲ್ಡನ್ ಖಾಲಿ ಅಂಗಳಕ್ಕೆ ಹೋಗಿ ರಟ್ಟು ಎತ್ತಿದ. ಒಂದು ಹನಿಯೂ ಇರಲಿಲ್ಲ. ಮೂಲೆಯಲ್ಲಿ ಬಡಗಿಯ ಪೆನ್ಸಿಲ್ಲಿನಲ್ಲಿ, ಮರ್ವಿನ್‌ನ ಸೊಟ್ಟ ಅಕ್ಷರದಲ್ಲಿ, 'ನ್ಯೂಟ್ರಲ್' ಎಂದು ಬರೆದಿತ್ತು.

ಮಧ್ಯಾಹ್ನದವರೆಗೆ ಅವನು ಫೋನಿನ ಪಕ್ಕದಲ್ಲೇ ಏನೋ ರಿಪೇರಿ ಮಾಡುತ್ತ ಕೂತಿದ್ದ. ಹನ್ನೆರಡೂವರೆಗೆ ಅದು ರಿಂಗಾಯಿತು. ಹಿಂದೆ ಗಾಳಿಯ ಸದ್ದು.

"ಘಟ್ಟದ ತುದೀಲಿದೀವಿ ಕಣೋ," ಎಂದ ಮರ್ವಿನ್. "ಫರ್ನ್ ಸ್ಯಾಂಡ್‌ವಿಚ್ ಬಿಚ್ತಿದಾಳೆ. ಕೂಲರ್ ಮುಟ್ಟಿ ನೋಡ್ದೆ, ಬೆಚ್ಚಗಿದೆ ಅಷ್ಟೆ."

"ಲಿವರ್ ಎಲ್ಲಿಟ್ಟಿದೀಯ?"

"ಪಾರ್ಕ್‌ನಲ್ಲಿ. ಊಟದ ಹೊತ್ತು."

ಎಲ್ಡನ್ ಫೋನ್ ಇಟ್ಟ. ರಟ್ಟನ್ನು ನಾಲ್ಕಾಗಿ ಮಡಚಿ, ತನ್ನ ಪಿಕಪ್ಪಿನ ಬಾಗಿಲು ತೆರೆದು, ಸೀಟಿನ ಹಿಂದೆ, ಅಪ್ಪನ ಪಾನಾಗಳ ಪಕ್ಕ ಸಿಕ್ಕಿಸಿದ.